ಅಮ್ಮನ ಸರದಿ, ಫಿಯೆಟ್ಟಿನ ಸದ್ದು

೧೨ ಮಾರ್ಚ್ ೨೦೨೫

ಇವತ್ತು ಕೊರಟಗೆರೆಯಿಂದ ವಾಪಸು ಬರುವಾಗ ಅಪ್ಪನ ಫಿಯೆಟ್ಟು ಹಿಂದಿನಿಂದ ಅಳುವುದಕ್ಕೆ ಶುರು ಮಾಡಿತು. ವೇಗ ಐವತ್ತರ ಹತ್ತಿರ ಬಂದಾಗ ಊಂ ಎಂದು ಏಳುತ್ತದೆ, ಕಾಲು ತೆಗೆದರೆ ಇಳಿಯುತ್ತದೆ. ಟಯರಿನ ಸದ್ದಾದರೆ ಹಾಗೆ ಮಾಡುವುದಿಲ್ಲ. ಇದು ಡಿಫರೆನ್ಶಿಯಲ್ಲೇ. ಐಟಿಐನಲ್ಲಿ ಜೀವಮಾನವೆಲ್ಲ ಹುಡುಗರಿಗೆ ಫಿಟ್ಟರ್ ಪಾಠ ಹೇಳಿದವನಿಗೆ ಇಷ್ಟೂ ಗೊತ್ತಾಗದಿದ್ದರೆ ಪಿಂಚಣಿ ತಿನ್ನುವುದು ದಂಡ.

ಲಕ್ಷ್ಮೀದೇವಿ ಪಕ್ಕದಲ್ಲಿದ್ದಳು. "ಯಾರೋ ಹಿಂದಿನ ಸೀಟ್‌ನಾಗೆ ಕೂತ್ಕಂಡು ಅಳ್ತಿದ್ದಂಗೈತಲ್ರೀ" ಎಂದಳು. ನನಗೆ ರೇಗಿತು. ಹೆಂಡತಿ ಹೇಳಿದ್ದು ಸರಿಯಾಗಿದ್ದರೆ ರೇಗುವುದು ಹೆಚ್ಚು.

ಯುಗಾದಿ ಬಂದೇ ಬಿಟ್ಟಿತು. ಅಮ್ಮನನ್ನು ಕರೆತರಬೇಕು. ಪಾಲಾದಾಗ ಆದ ಮಾತು ಇದು: ದೀಪಾವಳಿಯಿಂದ ಯುಗಾದಿಯವರೆಗೆ ಅಮ್ಮ ತಾವರೆಕೆರೆಯಲ್ಲಿ ನನ್ನ ತಮ್ಮ ಚಿಕ್ಕನರಸಯ್ಯನ ಮನೆಯಲ್ಲಿ, ಯುಗಾದಿಯಿಂದ ದೀಪಾವಳಿಯವರೆಗೆ ಮಧುಗಿರಿಯಲ್ಲಿ ನಮ್ಮ ಮನೆಯಲ್ಲಿ. ಯಾರ ಸರದಿ ಶುರುವಾಗುತ್ತದೋ ಅವನೇ ಹೋಗಿ ಇನ್ನೊಬ್ಬನ ಹೊಸಿಲ ಮುಂದೆ ನಿಂತು, "ಅಮ್ಮ, ನಮ್ಮನೆಗೆ ಬಾ" ಎಂದು ಕರೆಯಬೇಕು. ಮೂಟೆ ಇಳಿಸಿದ ಹಾಗೆ ಯಾರೂ ಅವಳನ್ನು ತಂದು ಇಳಿಸಿ ಹೋಗಬಾರದು. ಈ ಷರತ್ತು ಹಾಕಿದ್ದು ಅಮ್ಮನೇ. ಕರೆಯದೆ ಅವಳು ಮೇಲೆ ಏಳುವುದಿಲ್ಲ.

ನಾನು ಪ್ರತಿ ಸಲ ಅಪ್ಪನ ಕಾರಿನಲ್ಲೇ ಹೋಗಿ ಕರೆತಂದಿದ್ದೇನೆ. ಗಾಜು ಮುಚ್ಚಿದ ಹೊಸ ಕಾರುಗಳಲ್ಲಿ ಅವಳಿಗೆ ವಾಂತಿ. ಬಸ್ಸಿನ ಮೆಟ್ಟಿಲು ಹತ್ತಲು ಮಂಡಿ ಬಿಡುವುದಿಲ್ಲ. ಫಿಯೆಟ್ಟಿನಲ್ಲಿ ಮಾತ್ರ ಕಿಟಕಿಗೆ ಮೊಣಕೈ ಕೊಟ್ಟು ದೊರೆಸಾನಿಯ ಹಾಗೆ ಕೂರುತ್ತಾಳೆ. ಹಬ್ಬಕ್ಕೆ ಮುಂಚೆ ಈ ಅಳು ನಿಲ್ಲಿಸಬೇಕು.

೧೬ ಮಾರ್ಚ್

ಹಿತ್ತಿಲಿನ ಹುಣಸೆಮರದ ಕೆಳಗೆ ಕಾರನ್ನು ಎತ್ತಿ ನಿಲ್ಲಿಸಿ ಹಿಂದಿನ ಆಕ್ಸಲ್ ಬಿಚ್ಚಿದೆ. ಎಣ್ಣೆ ಇಳಿಸಿದರೆ ಅದರಲ್ಲಿ ಉಕ್ಕಿನ ಪುಡಿ ಮಿರಮಿರ ಮಿಂಚುತ್ತಿತ್ತು. ಗೇರಿನ ಹಲ್ಲು ಸವೆದು ಉದುರಿದ್ದೇ ಅದು.

ಇಂಜಿನ್ನಿನಿಂದ ಬರುವ ಉದ್ದನೆಯ ಶಾಫ್ಟಿನ ತುದಿಗೆ ಪಿನಿಯನ್ ಎಂಬ ಸಣ್ಣ ಗೇರು. ಅದು ಕ್ರೌನ್ ಎಂಬ ಅಗಲವಾದ ಗೇರನ್ನು ತಿರುಗಿಸುತ್ತದೆ, ಕ್ರೌನು ಎರಡು ಚಕ್ರಗಳಿಗೂ ಶಕ್ತಿಯನ್ನು ಹಂಚುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಓಡಬೇಕು, ಒಳಗಿನದು ಕಡಿಮೆ. ಇಬ್ಬರಿಗೂ ಜಗಳವಾಗದಂತೆ ನೋಡಿಕೊಳ್ಳುವುದೇ ಡಿಫರೆನ್ಶಿಯಲ್ಲಿನ ಕೆಲಸ. ನಮ್ಮ ಕಾರಿನ ಕ್ರೌನಿನ ಹಲ್ಲುಗಳು ಅಜ್ಜಿಯ ಬಾಯಾಗಿವೆ. ಬೇರೆ ಜೋಡಿಯೇ ಹಾಕಬೇಕು.

ಜೋಡಿ ಇದೆ. ಅದೇ ತಾಪತ್ರಯ. ಅಪ್ಪ ಬದುಕಿದ್ದಾಗಲೇ ಹೊಸ ಕ್ರೌನು, ಪಿನಿಯನ್ನು ತರಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಪಾಲಿನ ದಿನ ಕಾರು ನನಗೆ, ಕಾರಿಗೆ ಬದಲಾಗಿ ಕೆರೆ ಹಿಂದಿನ ತೋಟದ ತುಂಡು ನರಸಯ್ಯನಿಗೆ ಎಂದಾಯಿತು. ಆಮೇಲೆ ಈ ಪೆಟ್ಟಿಗೆ ಹೊರಗೆ ಬಂತು. ಬೆಲೆಬಾಳುವ ಹೊಸ ಸಾಮಾನು, ಒಬ್ಬನಿಗೇ ಕೊಟ್ಟರೆ ಇನ್ನೊಬ್ಬನಿಗೆ ಅನ್ಯಾಯ ಎಂದು ಸೋದರಮಾವ ಕ್ರೌನನ್ನು ಅವನಿಗೂ ಪಿನಿಯನ್ನನ್ನು ನನಗೂ ಕೊಟ್ಟರು. ಪಿನಿಯನ್ನು ಚಿಕ್ಕದು ಎಂದು ನನಗೆ ಮೇಲೊಂದು ನಟ್ಟು ಬಿಚ್ಚುವ ಪಾನೆ ಸೆಟ್ಟು. ಎರಡರ ಮೇಲೂ ಒಂದೇ ನಂಬರು ಕೊರೆದಿದೆ, ಒಂದು ಬಿಟ್ಟರೆ ಇನ್ನೊಂದು ಗುಜರಿ ಎಂದು ನಾನು ಬಾಯಿ ಬಡಿದುಕೊಂಡೆ. "ಇಬ್ರಿಗೂ ಒಂದೊಂದು ಬಂತಲ್ಲ, ಇನ್ನೇನ್ಲಾ ನಿಂದು" ಎಂದರು. ಪಂಚಾಯ್ತಿ ಮುಗಿಯಿತು.

ನನ್ನ ಪಿನಿಯನ್ನು ಗ್ರೀಸು ಬಳಿದುಕೊಂಡು ಟಿನ್ನಿನಲ್ಲಿ ಹೊಸ ಮದುಮಗನ ಹಾಗೆ ಇದೆ. ಕ್ರೌನು ಕೇಳುವುದಕ್ಕೆ ನರಸಯ್ಯನ ಬಾಗಿಲಿಗೆ ನಾನು ಹೋಗುವುದಿಲ್ಲ. ಅಮ್ಮನನ್ನು ಕರೆಯುವುದು ಬೇರೆ, ಸಾಮಾನು ಬೇಡುವುದು ಬೇರೆ.

೩೦ ಮಾರ್ಚ್, ಯುಗಾದಿ

ಹಬ್ಬದ ದಿನ ಅಮ್ಮ ಇಲ್ಲದೆ ಬೇವುಬೆಲ್ಲ ತಿಂದದ್ದು ಇದೇ ಮೊದಲು.

ಮಧ್ಯಾಹ್ನ ಅಮ್ಮನ ಫೋನು ಬಂತು. ಫೋನು ಹಿಡಿದುಕೊಳ್ಳುವುದು ನರಸಯ್ಯನ ಹೆಂಡತಿ ಮಂಗಳಾ. "ಯಾವಾಗ್ಲಪ್ಪ ಬತ್ತೀಯಾ?" ಎಂದು ಅಮ್ಮ ಕೇಳಿದಳು. ಕಾರು ಬಿಚ್ಚಿದ್ದೇನೆ, ಒಂದು ವಾರ ತಾಳು ಎಂದೆ. ನಾನು ಹೇಳಿದ್ದನ್ನೆಲ್ಲ ಮಂಗಳಾ ಮತ್ತೆ ಗಟ್ಟಿಯಾಗಿ ಹೇಳುತ್ತಿದ್ದಳು. ತಾವರೆಕೆರೆಯಲ್ಲಿ ನೆಟ್‌ವರ್ಕು ಸುಡುಗಾಡು.

ಲಕ್ಷ್ಮೀದೇವಿಯ ತವರು ಪಾವಗಡದ ಕಡೆ ಬಲಸಮುದ್ರ. ಕೋಪ ಬಂದರೆ ಅವಳ ಬಾಯಿಗೆ ತೆಲುಗು ಬರುತ್ತದೆ. "ಪೋನೀ ಬುಡ್ರೀ, ಬಾಡಿಗೆ ಕಾರು ಮಾಡ್ಕಂಡು ಹೋಗ್ಬನ್ನಿ. ಗ್ಲಾಸ್ ಇಳಿಸಿದ್ರೆ ಆಯ್ತು" ಎಂದಳು. ಬಾಡಿಗೆ ಕಾರಿನಲ್ಲಿ ಹೋಗಿ ನರಸಯ್ಯನ ಮನೆ ಮುಂದೆ ಇಳಿಯಬೇಕಂತೆ. ಅಪ್ಪನ ಕಾರು ಏನಾಯ್ತು ಎಂದು ಅವನು ಕೇಳಬೇಕು, ಕೆಟ್ಟುಹೋಯ್ತು ಎಂದು ನಾನು ಹೇಳಬೇಕು. ಕಾರನ್ನು ನಿನ್ನ ಪಾಲಿಗೆ ಬಿಟ್ಟದ್ದಕ್ಕೆ ಇದೇನಾ ನೀನು ನೋಡಿಕೊಂಡದ್ದು ಎಂದು ಅವನು ಮನಸ್ಸಿನಲ್ಲೇ ಅನ್ನಬೇಕು.

ನಾಳೆ ರಂಜಾನ್. ಸಿರಾದ ಇನಾಯತ್ ವರ್ಕ್‌ಶಾಪು ಎರಡು ದಿನ ಬಾಗಿಲು. ಬೇರಿಂಗು ಕೀಳುವ ಪ್ರೆಸ್ಸು ಇರುವುದು ಅವನ ಹತ್ತಿರವೇ.

೧೧ ಏಪ್ರಿಲ್

ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯವನು ಕಳಿಸಿದ ಜೋಡಿ ಬಂತು. ಹಲ್ಲಿನ ಲೆಕ್ಕವೇ ಬೇರೆ. ಯಾವುದೋ ವ್ಯಾನಿನದು. ವಾಪಸು ಕಳಿಸಿದೆ.

ಬಿಸಿಲಿಗೆ ಬೆಟ್ಟದ ಬಂಡೆ ಕಾದು ಸಂಜೆಯಾದರೂ ಝಳ ಇಳಿಯುವುದಿಲ್ಲ. ಅಮ್ಮನಿಗೆ ನಮ್ಮ ಮನೆಯ ನಡುಮನೆ ಇಷ್ಟ, ತಂಪು. ತಾವರೆಕೆರೆಯದು ಶೀಟಿನ ಮನೆ. ಹೇಗಿದ್ದಾಳೋ.

೧೯ ಏಪ್ರಿಲ್

ಬೆಳಗ್ಗೆ ಪ್ರೈವೇಟ್ ಬಸ್ಸಿನ ಡ್ರೈವರು ಫೋನ್ ಮಾಡಿ, "ಸಾರ್, ತಾವರೆಕೆರೆಯಿಂದ ಒಂದು ಗಂಟು ಐತೆ, ಬಸ್ ಸ್ಟಾಂಡಿಗೆ ಬನ್ನಿ" ಎಂದ. ಹಳೇ ಪಂಚೆಯಲ್ಲಿ ಸುತ್ತಿದ ಕ್ರೌನು. ನನಗೆ ಹೇಳದೆ ಲಕ್ಷ್ಮೀದೇವಿಯೇ ಮಂಗಳಾಗೆ ಫೋನು ಮಾಡಿ ಕೇಳಿದ್ದಳಂತೆ.

ಬಸ್ ಸ್ಟಾಂಡಿನಲ್ಲೇ ಪಂಚೆ ಬಿಚ್ಚಿದೆ. ಒಂದು ಮಗ್ಗುಲು ಪೂರ್ತಿ ತುಕ್ಕು. ಅದರ ಮೇಲೆ ದುಂಡಗೆ ಸುಣ್ಣದ ಕಲೆ. ಎಷ್ಟೋ ವರ್ಷದಿಂದ ಅದನ್ನು ನೀರಿನ ಗುಡಾಣಕ್ಕೆ ಸಿಂಬೆ ಮಾಡಿದ್ದಾರೆ. ನಾನು ನನ್ನ ಪಾಲನ್ನು ವರ್ಷಕ್ಕೊಮ್ಮೆ ತೆಗೆದು ಒರೆಸಿ ಗ್ರೀಸು ಹಚ್ಚಿ ಇಟ್ಟರೆ, ಅವನು ತನ್ನ ಪಾಲಿನ ಮೇಲೆ ಗುಡಾಣ ಕೂರಿಸಿದ್ದಾನೆ. ಅಪ್ಪ ತರಿಸಿದ್ದ ವಸ್ತು. ಇವನಿಗೆ ಕಬ್ಬಿಣವೂ ಒಂದೇ, ಕಲ್ಲೂ ಒಂದೇ.

ಫೋನು ಮಾಡಿ ಬೈಯಬೇಕೆಂದು ಹೊರಟೆ. ಮಂಗಳಾ ಎತ್ತಿದಳು. "ನಾವಿಟ್ಟಿದ್ದಲ್ಲ ಭಾವ. ಅತ್ತೇನೇ ಇಟ್ಟಿದ್ದು. ಮೂಲೇಲಿ ಸುಮ್ನೆ ಬಿದ್ದಿರೋದ್ಕಿಂತ ಗುಡಾಣಕ್ಕಾದ್ರೂ ಆಗ್ಲಿ ಅಂದ್ರು" ಎಂದಳು. ಆಮೇಲೆ ನರಸಯ್ಯನ ದನಿ ಕೇಳಿಸಿತು. "ಅಣ್ಣಾ, ಬೇಕು ಅಂತ ಒಂದು ಮಾತು ಹೇಳಿದ್ರೆ ಅವತ್ತೇ ಕಳಿಸ್ತಿದ್ನಲ್ಲ" ಎಂದ. ಸರಿ ಎಂದು ಫೋನಿಟ್ಟೆ. ಅಮ್ಮನಿಗೆ ಫೋನು ಕೊಡು ಎಂದು ಹೇಳುವುದು ಆ ಗಲಿಬಿಲಿಯಲ್ಲಿ ಮರೆತುಹೋಯಿತು.

೪ ಮೇ

ಇಷ್ಟು ದಿನ ಸೀಮೆಎಣ್ಣೆ, ಕಲ್ಲು, ಎಮರಿ ಹಾಳೆ. ಒಂದೊಂದು ಹಲ್ಲನ್ನೂ ಮಗುವಿನ ಹಲ್ಲು ತಿಕ್ಕಿದ ಹಾಗೆ ತಿಕ್ಕಿದೆ. ತುಕ್ಕು ಆಳಕ್ಕೆ ಇಳಿದಿಲ್ಲ, ಬಚಾವು.

ಗೋಣಿಚೀಲದಲ್ಲಿ ಎಲ್ಲವನ್ನೂ ಹೊತ್ತುಕೊಂಡು ಬಸ್ಸಿನಲ್ಲಿ ಸಿರಾಕ್ಕೆ ಹೋಗಿ ಇನಾಯತ್ ಹತ್ತಿರ ಬೇರಿಂಗು ಕೂರಿಸಿಕೊಂಡು ಸಂಜೆಗೆ ವಾಪಸು ಬಂದೆ.

ಪಿನಿಯನ್ನು ಎಷ್ಟು ಮುಂದೆ, ಎಷ್ಟು ಹಿಂದೆ ಕೂರಬೇಕು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅದನ್ನು ಸರಿಮಾಡುವುದಕ್ಕೆ ಶಿಮ್ ಎಂಬ ಕಾಗದದಷ್ಟು ತೆಳುವಾದ ಉಕ್ಕಿನ ಬಳೆಗಳಿವೆ. ಹಲ್ಲಿಗೆ ಬಣ್ಣ ಬಳಿದು ತಿರುಗಿಸಿದರೆ ಎಲ್ಲಿ ತಾಗುತ್ತದೆ ಎಂದು ಗುರುತು ಬೀಳುತ್ತದೆ. ಪುಸ್ತಕದಲ್ಲಿ ಹೇಳಿದ ಬಣ್ಣಕ್ಕೆ ಎಲ್ಲಿಗೆ ಹೋಗಲಿ. ಗ್ರಂಥಿಗೆ ಅಂಗಡಿಯಿಂದ ಆಂಜನೇಯನಿಗೆ ಬಳಿಯುವ ಸಿಂಧೂರ ತಂದು ಎಣ್ಣೆಯಲ್ಲಿ ಕಲಸಿದೆ. ಐಟಿಐನಲ್ಲೂ ಹೀಗೆಯೇ ಮಾಡಿಸುತ್ತಿದ್ದೆ. ಗುರುತು ಹಲ್ಲಿನ ತುದಿಗೆ ಬೀಳುತ್ತಿದೆ. ನಟ್ಟನಡುವೆ ಬೀಳಬೇಕು.

೧೭ ಮೇ

ಶಿಮ್ ಬದಲಿಸಿದೆ. ಗುರುತು ನಡುವಿಗೆ ಬಂತು. ಜೋಡಿಸಿ ಕೊರಟಗೆರೆಯವರೆಗೆ ಓಡಿಸಿದೆ. ಅಳು ಹೋಗಿದೆ, ಆದರೆ ಸಣ್ಣಗೆ ಮುಲುಗುತ್ತದೆ. ಮತ್ತೆ ಬಿಚ್ಚಬೇಕು.

೨೯ ಮೇ

ಮತ್ತೆ ಬಿಚ್ಚಿದೆ. ಸಿರಾ. ಸಂಜೆ ಬಸ್ಸಿಗೆ ವಾಪಸು. ಶಿಮ್ ತೆಳುವಾಯಿತು, ಇನ್ನೊಂದು ಸೇರಿಸಿದರೆ ದಪ್ಪವಾಗುತ್ತದೆ. ನಡುವಿನದು ಯಾರ ಹತ್ತಿರವೂ ಇಲ್ಲ. ನಾನೇ ಕಲ್ಲಿನ ಮೇಲೆ ತಿಕ್ಕಿ ತೆಳುಮಾಡುತ್ತಿದ್ದೇನೆ.

ಅಮ್ಮ ಫೋನು ಮಾಡಿದ್ದಳಂತೆ. ನಾನು ಕಾರಿನ ಕೆಳಗಿದ್ದೆ.

೭ ಜೂನ್

ಬೆರಳಿನ ತುದಿಯ ಚರ್ಮ ಎದ್ದಿದೆ. ಶಿಮ್ ಹದಕ್ಕೆ ಬರುತ್ತಿದೆ.

೧೪ ಜೂನ್

ಜೋಡಿಸಿದೆ. ಈ ಸಲ ದೂರ ಓಡಿಸಿ ನೋಡೋಣ ಎಂದು ಸಿರಾಕ್ಕೆ ಹೋದೆ. ಕಾರು ಚೆನ್ನಾಗಿಯೇ ಹೋಯಿತು. ಸಿರಾ ಹತ್ತಿರ ಬರುವಷ್ಟರಲ್ಲಿ ಆಕ್ಸಲ್ ಕಾದು ಆ ಹಾಳು ಸದ್ದು ಮತ್ತೆ ಹಣಕಿತು, ತೀರ ಸಣ್ಣಗೆ, ಸೊಳ್ಳೆಯ ಹಾಗೆ.

ಇನಾಯತ್‌ನನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿದೆ. "ಅರೆ ಸಾರ್, ಇಷ್ಟು ಆವಾಜ್ ಇರ್ಲಿ ಬುಡಿ. ಗಾಡಿಗೂ ಉಮರ್ ಆಗೈತೆ, ನಮ್ಗೂ ಆಗೈತೆ. ಇಲ್ಲೀತಂಕ ಬಂದಿದ್ದೀರಿ, ಅಂಗೇ ತಾವರೆಕೆರೆಗೆ ಹೋಗಿ ಅಮ್ಮನ್ನ ಕರ್ಕಂಡು ಹೋಗಿ" ಎಂದ.

ಅವನಿಗೇನು, ಹೇಳುತ್ತಾನೆ. ಮುಲುಗುವ ಕಾರನ್ನು ತೆಗೆದುಕೊಂಡು ಹೋಗಿ ನರಸಯ್ಯನ ಮನೆ ಮುಂದೆ ನಿಲ್ಲಿಸಿದರೆ, ಕ್ರೌನು ತುಕ್ಕು ಹಿಡಿದಿತ್ತಲ್ಲ, ಅದಕ್ಕೇ ಎಂದು ಅವನಿಗೆ ಅನ್ನಿಸುತ್ತದೆ. ಇಲ್ಲವೇ ಅಣ್ಣನಿಗೆ ಕೂರಿಸಲು ಬರಲಿಲ್ಲ ಎಂದು ಅನ್ನಿಸುತ್ತದೆ. ಎರಡೂ ಬೇಡ. ತಾವರೆಕೆರೆ ಕ್ರಾಸಿನವರೆಗೂ ಹೋಗಿದ್ದವನು ಅಲ್ಲಿಂದಲೇ ತಿರುಗಿಸಿಕೊಂಡು ಬಂದೆ.

೨ ಜುಲೈ

ಮೊನ್ನೆ ಲಕ್ಷ್ಮೀದೇವಿ ಒಬ್ಬಳೇ ಬಸ್ಸು ಹತ್ತಿ ತಾವರೆಕೆರೆಗೆ ಹೋಗಿ ಬಂದಳು. "ನಾನು ಕರೆದ್ರೆ ಅತ್ತೆ ಬರಾಕಿಲ್ಲ. ಕರೀಬೇಕಾದೋರು ನೀವು. ಮುಖ ನೋಡ್ಕಂಡಾದ್ರೂ ಬತ್ತೀನಿ" ಎಂದು ಹೇಳಿ ಹೋದಳು. ಬಂದ ಮೇಲೆ, ಕಾರಿನ ವಿಷಯ ಏನಾದರೂ ಕೇಳಿದರೇ ಎಂದೆ. ನನ್ನ ಮುಖವನ್ನೇ ನೋಡಿ, "ಯಾರೂ ಕೇಳ್ಲಿಲ್ಲ" ಎಂದಳು. ಅವತ್ತಿನಿಂದ ಮಾತು ಕಡಿಮೆ. ಸೆಕೆಗೋ ಏನೋ.

ಪಿನಿಯನ್ ಬೇರಿಂಗಿನ ಬಿಗಿ ಒಂದಿಷ್ಟು ಸಡಿಲವಾಗಿತ್ತು. ಅದೇ ಇರಬೇಕು ಕಾರಣ. ಮೊದಲೇ ಯಾಕೆ ಹೊಳೆಯಲಿಲ್ಲವೋ.

೧೯ ಜುಲೈ

ಹೋಯಿತು. ಸದ್ದು ಪೂರ್ತಿ ಹೋಯಿತು. ಪಾವಗಡದ ರಸ್ತೆಯಲ್ಲಿ ಬಹಳ ದೂರ ಹೋಗಿ ಬಂದೆ. ಕಿಟಕಿ ಮುಚ್ಚಿ ಕೇಳಿದೆ, ತೆಗೆದು ಕೇಳಿದೆ, ಇಂಜಿನ್ ಆರಿಸಿ ಇಳಿಜಾರಿನಲ್ಲಿ ಬಿಟ್ಟು ಕೇಳಿದೆ. ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಅಪ್ಪ ಇದ್ದಾಗಲೂ ಕಾರು ಹೀಗೆ ಓಡಿರಲಿಲ್ಲ. ಒಬ್ಬನೇ ನಗುತ್ತಾ ಬಂದೆ.

ಆಷಾಢದಲ್ಲಿ ಕರೆತರುವುದು ಬೇಡ. ಇಷ್ಟು ದಿನ ತಡೆದದ್ದು ಇನ್ನೊಂದು ವಾರ. ಶ್ರಾವಣ ಹುಟ್ಟಿದ ಮೇಲೆ ಕಾರು ತೊಳೆದು ಹೂವು ಹಾಕಿಕೊಂಡೇ ಹೋಗುತ್ತೇನೆ.

೨೭ ಜುಲೈ

ಹೋಗಿ ಬಂದೆ.

ನಾನು ಹೋದಾಗ ಅಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಹುರುಳಿಕಾಳಿನಲ್ಲಿ ಕಲ್ಲು ಆರಿಸುತ್ತಿದ್ದಳು. ಬಾಗಿಲ ಮುಂದೆಯೇ ಕಾರು ನಿಲ್ಲಿಸಿದೆ. ಅವಳು ತಲೆ ಎತ್ತಲಿಲ್ಲ. ಎದುರಿಗೆ ನಿಂತ ಮೇಲೆ ನೋಡಿದಳು. ಸೊರಗಿಲ್ಲ, ಚೆನ್ನಾಗಿಯೇ ಇದ್ದಾಳೆ. ನಾನು ಬಾರದೆ ಸೊರಗಿರುತ್ತಾಳೆ ಎಂದು ಒಳಗೊಳಗೇ ಅಂದುಕೊಂಡಿದ್ದೆನೋ ಏನೋ, ಅದನ್ನು ನೋಡಿ ಸಮಾಧಾನವೂ ಆಯಿತು, ಏನೋ ಕಳಚಿದ ಹಾಗೂ ಆಯಿತು.

"ಅಮ್ಮ, ನಮ್ಮನೆಗೆ ಬಾ" ಎಂದೆ.

"ಬಾಪ್ಪ, ಕೂತ್ಕ. ಬಿಸ್ಲಾಗೆ ಬಂದಿದ್ದೀಯ. ಉಂಡ್ಕಂಡು ಹೋಗೀವಂತೆ" ಎಂದಳು.

ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಕರೆದೆ. ಮಂಗಳಾ ಒಳಗಿನಿಂದ ಬಂದು ಅವಳ ಕಿವಿಯ ಹತ್ತಿರ ಬಗ್ಗಿ, "ಭಾವ ಕರೀತಾವ್ರೆ ಅತ್ತೆ, ಮಧುಗಿರಿಗೆ" ಎಂದು ಗಟ್ಟಿಯಾಗಿ ಹೇಳಿದಳು. ಅಮ್ಮ ಮೊರದ ಮೇಲೆ ಕೈಯಾಡಿಸುತ್ತಲೇ ಮಾತಾಡಿದಳು. ಕೋಪದಿಂದಲ್ಲ, ಯಾವಾಗಲೋ ಆಗಿಹೋದ ಮಳೆಯ ವಿಷಯ ಹೇಳಿದ ಹಾಗೆ.

"ಯುಗಾದಿಯಿಂದ ಚೀಲ ಕಟ್ಕಂಡು ಇಲ್ಲೇ ಕೂತಿದ್ದೆ ಕಣಪ್ಪ. ಬಿಳೀ ಕಾರು ಯಾವುದು ಬಂದ್ರೂ ಎದ್ದು ನಿಂತ್ಕತಿದ್ದೆ. ಆಮ್ಯಾಕೆ ಕ್ರಾಸ್‌ತಾವ ಬಂದು ತಿರುಗಿಸ್ಕಂಡು ಹೋದ್ನಂತೆ ಅಂತ ಹಾಲಿನೋನು ಹೇಳ್ದ. ಅವತ್ತು ಚೀಲ ಬಿಚ್ಬುಟ್ಟೆ."

"ಕಾರಲ್ಲಿ ಸದ್ದು ಬರ್ತಿತ್ತಮ್ಮ" ಎಂದೆ.

ಮಂಗಳಾ ಅದನ್ನೂ ಅವಳ ಕಿವಿಗೆ ಹೇಳಿದಳು. ಅಮ್ಮ ನನ್ನನ್ನು ನೋಡಿದಳು. "ಸದ್ದಾ? ನಂಗೆ ಬಸ್ಸಿನ ಹಾರನ್ನೇ ಕೇಳಾಕಿಲ್ಲ. ಇದ್ದಿದ್ರೆ ನಂಗೇನಾಗ್ತಿತ್ತು?"

ಸಂಕ್ರಾಂತಿ ಹೊತ್ತಿಗೇ ಅವಳ ಕಿವಿ ಹೋಗಿತ್ತಂತೆ. ನಾನು ನೆಟ್‌ವರ್ಕನ್ನು ಬೈದುಕೊಂಡು ಕೂತಿದ್ದೆ. ಲಕ್ಷ್ಮೀದೇವಿ ನೋಡಿ ಬಂದಾಗಲೂ ನಾನು ಕೇಳಿದ್ದು ಕಾರಿನ ವಿಷಯವನ್ನೇ. ಅಮ್ಮನ ಕಿವಿ ಕೇಳುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಮಂಗಳಾ ಮುಂದೆ ಹೇಳಲು ನಾಚಿಕೆಯಾಯಿತು, ಗೊತ್ತಿದ್ದವನ ಹಾಗೆ ತಲೆ ಆಡಿಸಿದೆ. ಗೋಣಿಚೀಲ ಹೊತ್ತುಕೊಂಡು ಎಷ್ಟು ಸಲ ಸಿರಾ ಬಸ್ ಸ್ಟಾಂಡಿನಲ್ಲಿ ಇಳಿದೆನೋ. ತಾವರೆಕೆರೆ ಬಸ್ಸು ಅಲ್ಲಿಂದಲೇ ಹೊರಡುತ್ತದೆ. ಒಂದು ದಿನವೂ ಹತ್ತಬೇಕೆಂದು ಅನ್ನಿಸಲಿಲ್ಲ.

ಅಷ್ಟರಲ್ಲಿ ನರಸಯ್ಯ ಕಡ್ಲೇಕಾಯಿ ಹೊಲದಿಂದ ಬಂದ. ಕಾಲು ತೊಳೆದುಕೊಂಡು ಕಾರಿನ ಸುತ್ತ ಒಂದು ಸುತ್ತು ಬಂದು, ಹಿಂದೆ ಬಗ್ಗಿ ನೋಡಿ, "ಚೆನ್ನಾಗಿ ಕೂರ್ಸಿದ್ದೀಯಣ್ಣ" ಎಂದ. ಇಷ್ಟು ತಿಂಗಳು ಅವನ ಬಾಯಿಂದ ಏನು ಬರುತ್ತದೋ ಎಂದು ಹೆದರಿ ಸತ್ತಿದ್ದೆ. ಬಂದದ್ದು ಇಷ್ಟೇ. ಇಬ್ಬರೂ ಪಕ್ಕದಲ್ಲಿ ಕೂತು ಮುದ್ದೆ ಉಂಡೆವು. ಪಾಲಾದ ಮೇಲೆ ಇದೇ ಮೊದಲು.

ಊಟವಾದ ಮೇಲೆ ಅಮ್ಮನೇ, "ನಿಮ್ಮಪ್ಪನ ಕಾರಲ್ವಾ, ಒಂದ್ ಸುತ್ತು ಕೂರ್ಸ್ಕಂಡು ಬಾ" ಎಂದಳು. ಅವಳು, ಮಂಗಳಾ ಹಿಂದೆ ಕೂತರು. ನರಸಯ್ಯ ನನ್ನ ಪಕ್ಕ. ಅಮ್ಮ ಕಿಟಕಿಗೆ ಮೊಣಕೈ ಕೊಟ್ಟಳು. ಕೆರೆ ಏರಿಯ ಮೇಲೆ ನಿಧಾನವಾಗಿ ಹೋದೆ. ಕಾರು ನೀರಿನ ಮೇಲೆ ಹೋದ ಹಾಗೆ ಹೋಗುತ್ತಿತ್ತು. ಅದನ್ನು ಕೇಳುತ್ತಿದ್ದವನು ನಾನೊಬ್ಬನೇ.

ಏರಿ ಮುಗಿದ ಕಡೆ ಮಧುಗಿರಿ ಕಡೆ ಹೋಗುವ ಸಿರಾ ರಸ್ತೆ ಸಿಗುತ್ತದೆ. ಯಾರನ್ನೂ ಕೇಳದೆ ಅತ್ತ ತಿರುಗಿಸಿದೆ. ನಿಜ ಬರೆಯಬೇಕೆಂದರೆ, ಹೀಗೇ ಹೋಗಿಬಿಟ್ಟರೆ ಅವಳು ಸುಮ್ಮನೆ ಬಂದುಬಿಡಬಹುದು ಎಂಬ ಆಸೆ ಇತ್ತು. ಬಟ್ಟೆಬರೆ ನರಸಯ್ಯ ಆಮೇಲೆ ಕಳಿಸಲಿ. ಅವನಿಗೂ ಗೊತ್ತಾಗಿತ್ತು.

ಸ್ವಲ್ಪ ದೂರ ಹೋಗಿರಬೇಕು. ಅಮ್ಮ ಹಿಂದಿನಿಂದ ನನ್ನ ಹೆಗಲು ತಟ್ಟಿದಳು.

"ಇತ್ಲಾಗೆಲ್ಲಿಗೆ ಹೋಯ್ತಿದ್ದೀಯಪ್ಪ? ಮನೆ ಅತ್ಲಾಗೆ."

ನಾನು ದಾರಿ ತಪ್ಪಿದ್ದೇನೆ ಎಂದೇ ಅಂದುಕೊಂಡು ಹೇಳಿದಳು, ಅಕ್ಕರೆಯಿಂದ, ಹೊರಗಿನಿಂದ ಬಂದವರಿಗೆ ದಾರಿ ತೋರಿಸುವ ಹಾಗೆ. ರಸ್ತೆ ಅಗಲವಾದ ಕಡೆ ಕಾರು ತಿರುಗಿಸಿದೆ. ನರಸಯ್ಯ ಕಿಟಕಿಯ ಆಚೆ ನೋಡುತ್ತಿದ್ದ.

ಅವಳನ್ನು ಕೈಹಿಡಿದು ಜಗಲಿಯವರೆಗೆ ಬಿಟ್ಟೆ. "ಮುಂದ್ಲ ಯುಗಾದಿಗೆ ನೋಡಾನ, ಇನ್ನೇನು ದೀಪಾವಳಿ ಬತ್ತದೆ" ಎಂದಳು. ಹೂಂ ಎಂದೆ. ಅವಳ ವಯಸ್ಸಿಗೆ ಮುಂದಿನ ಯುಗಾದಿ ಎಂದರೆ ಎಷ್ಟು ದೂರ ಎಂದು ಆಗ ಯೋಚಿಸಲಿಲ್ಲ, ದಾರಿಯುದ್ದಕ್ಕೂ ಯೋಚಿಸಿದೆ. ಹಬ್ಬದ ದಿನ ಬಸ್ಸು ಹತ್ತಿ ಹೋಗಿದ್ದರೆ ಸಾಕಿತ್ತು. ಅಳುವ ಕಾರಿನಲ್ಲೇ ಹೋಗಿದ್ದರೂ ಸಾಕಿತ್ತು. ಬಹಳ ತಪ್ಪು ಮಾಡಿದೆ.

ಮನೆಗೆ ಬಂದಾಗ ಲಕ್ಷ್ಮೀದೇವಿ ಬಟ್ಟೆ ಒಣಹಾಕುತ್ತಿದ್ದಳು. ಕಾರು ಬಂದದ್ದೇ ಅವಳಿಗೆ ಗೊತ್ತಾಗಲಿಲ್ಲ. ಬಾಗಿಲು ಹಾಕಿದ ಸದ್ದಿಗೆ ತಿರುಗಿ, ಹಿಂದಿನ ಸೀಟು ನೋಡಿ, "ಅತ್ತೆ ಎಲ್ರೀ?" ಎಂದಳು.

ಮನೇಲಿದ್ದಾಳೆ ಎಂದೆ.